ದೊಡ್ಡಮ್ಮನ ಬಸಿರು

ಜಿರಲೆ ಕಂಡರೆ ಸ್ಟೂಲ್ ಹತ್ತಿ ನಿಲ್ಲುವವಳು ನಾನು. ಅಂಥವಳ ವಾಚ್ ರಿಪೇರಿ ಅಂಗಡಿಯ ಟೇಬಲ್ ಮೇಲೆ ಪಕ್ಕದ ಕನ್ನಡಕದಂಗಡಿಯವರು ಒಂದು ಗಾಜಿನ ಪೆಟ್ಟಿಗೆ ತಂದಿಟ್ಟರು. ಒಳಗೆ ನನ್ನ ಹೆಬ್ಬೆರಳಿಗಿಂತ ದಪ್ಪದ, ರೆಕ್ಕೆಯೇ ಇಲ್ಲದ ಎರಡು ಕಂದು ಜಿರಲೆಗಳು. ಸಾಕಿದವಂತೆ!

"ಇವಳು ದೊಡ್ಡಮ್ಮ," ಎಂದರು, ಸ್ವಂತ ದೊಡ್ಡಮ್ಮನನ್ನೇ ಪರಿಚಯಿಸುವ ಗೌರವದಿಂದ. "ಮೂಲೇಲಿ ಮಲಗಿರೋ ಕೊಂಬಿನವರು ಯಜಮಾನರು. ಹೊರದೇಶದ ಜಾತಿ. ಹಾರಲ್ಲ, ಕಚ್ಚಲ್ಲ. ಕೋಪ ಬಂದ್ರೆ ಬುಸ್ ಅಂತಾಳೆ, ಅಷ್ಟೆ. ನಿಮ್ಮ ಥರಾನೇ."

"ಏನಂದ್ರಿ?"

"ಏನಿಲ್ಲ ರೀ. ಒಂದು ವಾರ ನೋಡ್ಕೊಳ್ಳಿ. ಕ್ಯಾರೆಟ್ ತುಂಡು, ಒಂಚೂರು ನೀರು, ಸಾಕು."

ಕನ್ನಡಕದ ಮೇಲಿಂದ ಅವರು ನೋಡುವ ಒಂದು ನೋಟ ಇದೆಯಲ್ಲ, ಅದಕ್ಕೆ ಸೋತು ಒಪ್ಪಿಕೊಂಡೆ. ಹಾವು ತಂದಿಟ್ಟಿದ್ದರೂ ಒಪ್ಪುತ್ತಿದ್ದೆನೇನೋ.

ಅವರು ಹೊರಟಿದ್ದು ಅಣ್ಣನ ಊರಿಗೆ. ಅಣ್ಣ ಅಲ್ಲಿ ದೊಡ್ಡ ಕನ್ನಡಕದಂಗಡಿ ತೆರೆಯುತ್ತಿದ್ದರು. ತಮ್ಮ ಬಂದು ಜೊತೆಗೆ ನಿಲ್ಲಬೇಕೆಂದು ಹಟ. ಜಾಗ ಹಿಡಿಸಿದರೆ ಇವರು ಇಲ್ಲಿ ಅಂಗಡಿ ಖಾಲಿ ಮಾಡುವುದೇ. ಅದನ್ನು ಮಾಮೂಲಿ ಮಾತಿನ ಹಾಗೆ ಹೇಳಿದರು. ನಾನೂ "ಒಳ್ಳೇದಾಗ್ಲಿ" ಎಂದೆ. ಗೋಡೆಯಾಚೆ ಅವರು ಸಿಳ್ಳೆ ಹಾಕಿದರೆ ಕೆಲಸ ನಿಲ್ಲಿಸಿ ಕೇಳುವವಳು ನಾನು.

ಮೊದಲ ದಿನ ದೂರದಿಂದಲೇ ಕ್ಯಾರೆಟ್ ಎಸೆದೆ. ಮರುದಿನ, ದೊಡ್ಡಮ್ಮ ಮೀಸೆ ಆಡಿಸುತ್ತಾ ತಿನ್ನುವುದನ್ನು ನೋಡುತ್ತಾ ಕೂತುಬಿಟ್ಟೆ. "ತಿನ್ನಮ್ಮಾ. ಅವರಿಗಂತೂ ನಮ್ಮ ಚಿಂತೆ ಇಲ್ಲ," ಎಂದು ಮಾತೂ ಆಡಿದೆ.

ಅದೇ ಮಧ್ಯಾಹ್ನ ನೋಡುತ್ತೇನೆ, ಅವಳ ಹಿಂಬದಿಯಿಂದ ಏನೋ ಬೆಳ್ಳಗೆ, ಉದ್ದಕ್ಕೆ ಹೊರಬಂದಿದೆ. ಕರುಳೇ ಜಾರಿತೇ? ಕಸ ಸಿಕ್ಕಿಕೊಂಡಿದೆಯೇ? ವಾಚಿನೊಳಗೆ ಏನೇ ಸಿಕ್ಕಿಕೊಂಡಿರಲಿ, ಚಿಮಟದಿಂದ ಎಳೆದು ತೆಗೆಯುವುದು ನನ್ನ ಕಸುಬು. ಕೈ ತಾನಾಗಿಯೇ ಚಿಮಟ ಎತ್ತಿಕೊಂಡಿತು. ತುದಿ ಇನ್ನೇನು ತಾಗಬೇಕು, ದೊಡ್ಡಮ್ಮ ಬುಸ್ಸೆಂದಳು. ಚಿಮಟ ಬಿಟ್ಟು ಫೋನ್ ಹಿಡಿದೆ.

"ರೀ, ಇವಳಿಗೆ ಏನೋ ಆಗಿದೆ! ಹಿಂದೆ ಬೆಳ್ಳಗೆ ಏನೋ ಬಂದಿದೆ, ಚಿಮಟದಲ್ಲಿ ಎಳೀಲಾ?"

"ಮುಟ್ಟಬೇಡಿ!" ಅವರು ಕಿರುಚಿದ್ದನ್ನು ಅದೇ ಮೊದಲು ಕೇಳಿದ್ದು. ಆಮೇಲೆ ದನಿ ತಗ್ಗಿತು. "ಅದು ಮೊಟ್ಟೆಚೀಲ ರೀ. ಹೊರಗೆ ತಂದು, ತಿರುಗಿಸಿ, ಮತ್ತೆ ತಾನೇ ಒಳಗೆ ಎಳ್ಕೋತಾಳೆ. ಮರಿ ಆಗೋವರೆಗೂ ಹೊಟ್ಟೇಲೇ ಹೊರ್ತಾಳೆ. ಗಾಬರಿಯಾದ್ರೆ ಉದುರಿಸಿಬಿಡಬಹುದು. ಹೋದ ಸಲ ನಾನು ಪೆಟ್ಟಿಗೆ ಎತ್ತಿಡೋಕೆ ಹೋಗಿ ಎಲ್ಲ ಹಾಳಾಯ್ತು. ಬರ್ತಾ ಇದ್ದೀನಿ."

ಫೋನ್ ಕಟ್. ಜಿರಲೆಗೋಸ್ಕರ ಓಡಿ ಬರುತ್ತಾರೆ! ನನಗೆ ಜ್ವರ ಬಂದಾಗ ಬಾಗಿಲಲ್ಲೇ ನಿಂತು "ಮಾತ್ರೆ ತಗೊಂಡ್ರಾ?" ಎಂದು ಕೇಳಿ ಹೋದ ಮಹಾನುಭಾವರು. ಮೈಯೆಲ್ಲ ಉರಿದುಹೋಯಿತು.

ಆದರೂ ಶಟರ್ ಅರ್ಧ ಎಳೆದೆ. ಗಿರಾಕಿಗಳನ್ನು ಸನ್ನೆಯಲ್ಲೇ ನಾಳೆ ಬನ್ನಿ ಎಂದು ಕಳಿಸಿದೆ. ಉಸಿರು ಬಿಗಿಹಿಡಿದು ಕೂತೆ. ಚೀಲ ಮೆಲ್ಲಗೆ ಹೊರಳಿತು, ಚೂರು ಚೂರೇ ಒಳಗೆ ಸರಿಯಿತು. ಪೂರ್ತಿ ಮರೆಯಾದಾಗ ನನ್ನ ಕಣ್ಣಲ್ಲಿ ನೀರು. ಒಂದು ಜಿರಲೆಗಾಗಿ ಅತ್ತೆನಲ್ಲಾ, ನನ್ನ ಬುದ್ಧಿಗಿಷ್ಟು!

ಸಂಜೆ ಅವರು ಬಂದರು, ತಲೆ ಕೆದರಿ, ಕನ್ನಡಕ ಸೊಟ್ಟಗಾಗಿ.

"ಉದುರಿಸಿದ್ಲಾ?"

"ಇಲ್ಲ. ಒಳಗೆ ಎಳ್ಕೊಂಡ್ಲು. ನಾನೇ ನೋಡ್ದೆ."

ಸ್ಟೂಲಿನ ಮೇಲೆ ಕುಸಿದು ಕೂತರು. ಮುಖ ಅರಳಿತು. "ಹಾಗಾದ್ರೆ ಪೆಟ್ಟಿಗೆ ಇಲ್ಲಿಂದ ಅಲುಗಿಸೋ ಹಾಗಿಲ್ಲ. ಮರಿ ಆಗೋಕೆ ಎರಡು ತಿಂಗಳಾದ್ರೂ ಬೇಕು. ಅಣ್ಣನಿಗೆ ಹೇಳ್ತೀನಿ, ಸದ್ಯಕ್ಕೆ ಬರೋಕಾಗಲ್ಲ ಅಂತ."

ಖುಷಿಯಾಗಬೇಕಿತ್ತು, ಆಗಲಿಲ್ಲ. ಆಮೇಲೆ? ಮರಿಗಳನ್ನೂ ಕಟ್ಟಿಕೊಂಡು ಹೊರಟುಬಿಡುತ್ತಾರೆ.

"ಏನೂ ಬೇಡ," ಎಂದೆ. "ನಿಮ್ಮ ದೊಡ್ಡಮ್ಮನ್ನ ನಾನು ನೋಡ್ಕೋತೀನಿ. ಬಾಣಂತನಾನೂ ಮಾಡ್ತೀನಿ. ನೀವು ಆರಾಮಾಗಿ ಹೋಗಿ."

ಅವರ ಮುಖ ಬಾಡಿತು. "ನಿಮಗೆ ಜಿರಲೆ ಅಂದ್ರೆ ಭಯ ಅಲ್ವಾ?"

"ಈಗಿಲ್ಲ."

"ಒಂಚೂರೂ?"

"ಒಂಚೂರೂ ಇಲ್ಲ. ಬೇರೆ ನೆಪ ಇದ್ರೆ ಹೇಳಿ."

ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕನ್ನಡಕವಿಲ್ಲದೆ ಅವರನ್ನು ನಾನು ನೋಡಿದ್ದೇ ಇರಲಿಲ್ಲ. ಎಷ್ಟು ಮೆತ್ತನೆಯ ಕಣ್ಣು!

"ನೆಪ ಮುಗೀತು ರೀ," ಎಂದರು ಮೆಲ್ಲಗೆ. "ಅಣ್ಣನ ಅಂಗಡಿ ಚೆನ್ನಾಗೇ ಇದೆ. ಪಕ್ಕದಲ್ಲಿ ನೀವಿಲ್ಲ, ಅಷ್ಟೆ. ಒಂದು ರಾತ್ರಿ ಕಳೆಯೋದೇ ಕಷ್ಟ ಆಯ್ತು. ನೀವು ಫೋನ್ ಮಾಡೋ ಹೊತ್ತಿಗೆ ನಾನು ಆಗಲೇ ವಾಪಸ್ ಬಸ್ಸಲ್ಲಿದ್ದೆ."

ಅಂದರೆ ಜಿರಲೆಗಾಗಿ ಓಡಿ ಬಂದವರಲ್ಲ ಇವರು!

"ಇಷ್ಟು ಹೇಳೋಕೆ ಒಂದು ಜಿರಲೆ ಬಸುರಿ ಆಗ್ಬೇಕಿತ್ತೇನ್ರೀ?" ಎಂದು ಬೈದೆ. ಬೈಯುತ್ತಲೇ ಕನ್ನಡಕ ಕಿತ್ತುಕೊಂಡು, ಬಾಗಿದ ಕಡ್ಡಿ ನೆಟ್ಟಗೆ ಮಾಡಿ, ನಾನೇ ಅವರ ಮುಖಕ್ಕೆ ಹಾಕಿದೆ. "ಈಗ ನನ್ನ ನೋಡ್ಕೊಂಡು ಸರಿಯಾಗಿ ಹೇಳಿ."

"ನಂಗೆ ನೀವು ಬೇಕು."

"ನಂಗೂ," ಎಂದೆ.