ಯಾರೂ ಕೇಳದ ರ‍್ಯಾಂಕು

"ನಿನ್ನ ರ‍್ಯಾಂಕ್ ಎಷ್ಟು?"

ಮೆಡಿಕಲ್ ಕಾಲೇಜಿನ ಪ್ರವೇಶ ಪಟ್ಟಿಯಲ್ಲಿ ತನ್ನ ಹೆಸರನ್ನೇ ನೋಡುತ್ತ ನಿಂತಿದ್ದವಳು ಬೆಚ್ಚಿ ತಿರುಗಿದಳು. ಹಿಂದಿದ್ದ ಹುಡುಗನ ಮುಖ ಕೆಂಪಾಗಿತ್ತು.

ಅವಳು ಹೇಳಿದಳು.

"ನಂದು ಅದಕ್ಕಿಂತ ಇನ್ನೂರು ರ‍್ಯಾಂಕ್ ಮುಂದಿದೆ. ಆದ್ರೂ ನಾನಿಲ್ಲ, ನೀನಿದೀಯ! ಮೀಸಲಾತಿ ಅಲ್ವಾ?"

"ಹೌದು."

ಅಷ್ಟೇ ಹೇಳಿ ಹೊರಟುಬಿಟ್ಟಳು. ಅವಳಪ್ಪ ಅದೇ ಕಾಲೇಜಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ರಕ್ತದ ಕಲೆಯ ಹಾಸುಬಟ್ಟೆ ಒಗೆಯುತ್ತಿದ್ದ. ವಂಶದಲ್ಲೇ ಹತ್ತನೇ ತರಗತಿ ದಾಟಿದವಳು ಇವಳೊಬ್ಬಳೇ. ಅದನ್ನೆಲ್ಲ ದಾರಿಹೋಕನಿಗೆ ಯಾಕೆ ವಿವರಿಸಬೇಕು?

ಎರಡು ವಾರದ ನಂತರ ಅವನೂ ತರಗತಿಗೆ ಬಂದ. ದೊಡ್ಡ ಸರ್ಜನ್ನರ ಮಗ, ಮ್ಯಾನೇಜ್‌ಮೆಂಟ್ ಸೀಟು. ಯಾರೂ ತುಟಿಪಿಟಿಕ್ಕೆನ್ನಲಿಲ್ಲ. ಅವಳಿಗೆ ಮಾತ್ರ 'ಕೋಟಾ ಮೇಡಂ' ಅನ್ನುವ ಹೆಸರು ಅಂಟಿಕೊಂಡಿತು.

ಮೂರನೇ ವರ್ಷ ಇಬ್ಬರಿಗೂ ಒಂದೇ ವಾರ್ಡ್. ಹೊಟ್ಟೆನೋವೆಂದು ಬಂದ ಅಜ್ಜಿಯೊಬ್ಬರಿಗೆ ಅವನು 'ಗ್ಯಾಸ್' ಎಂದು ಬರೆಯುತ್ತಿದ್ದ. ಅವಳು ಅಜ್ಜಿಯ ಬೆವರಿದ ಅಂಗೈ ಮುಟ್ಟಿ ನೋಡಿದಳು.

"ಇದು ಹೊಟ್ಟೆಯದಲ್ಲ, ಹಾರ್ಟಿಂದು. ಓಡು, ಡಾಕ್ಟರನ್ನ ಕರಿ!"

ಅವನು ಓಡಿದ. ಅಜ್ಜಿ ಬದುಕಿದರು.

ಆಮೇಲೆ ಅವನು ಬದಲಾದ. ಲೈಬ್ರರಿಯಲ್ಲಿ ಅವಳೆದುರು ಕೂರುವುದು, ಕೇಳದೆಯೇ ಟೀ ತಂದಿಡುವುದು... 'ಛೆ! ಇವನ ಹೆಜ್ಜೆ ಸದ್ದಾದರೆ ಓದಿದ ಸಾಲನ್ನೇ ಮತ್ತೆ ಯಾಕೆ ಓದ್ತೀನಿ ನಾನು?' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಕೊನೆಯ ವರ್ಷ, ಮೀಸಲಾತಿ ರದ್ದು ಮಾಡಿ ಎನ್ನುವ ಅರ್ಜಿಯೊಂದು ಹಾಸ್ಟೆಲ್ ಗೋಡೆಯ ಮೇಲೆ ಕಾಣಿಸಿಕೊಂಡಿತು. ಮೂರನೇ ಸಹಿ... ಅವನದು!

ಅವಳು ಅಳಲಿಲ್ಲ. ಮಾತು ಬಿಟ್ಟಳು, ಅಷ್ಟೇ.

ಅರ್ಜಿಯ ಪರವಾಗಿ ಕರೆದ ಸಭೆಯ ದಿನ ಅವನು ಮೈಕ್ ಹಿಡಿದಾಗ ಹಿಂದಿನ ಸಾಲಿನಲ್ಲಿದ್ದ ಅವಳು ಎದ್ದು ಹೋಗಬೇಕೆಂದುಕೊಂಡಳು. ಆದರೂ ಕೇಳಿಸಿಕೊಂಡೇ ಹೋಗೋಣವೆಂದು ಕೂತಳು.

"ಈ ಅರ್ಜಿ ಶುರುವಾಗಿದ್ದು ನಮ್ಮ ಮೊದಲ ವರ್ಷದಲ್ಲಿ. ಆಗ ಹಾಕಿದ ಸಹಿ ನಂದೇ. ಇವತ್ತು ವಾಪಸ್ ತಗೋತಿದೀನಿ. ನನಗಿಂತ ಮುಂದಿದ್ದ ಎಷ್ಟೋ ಜನರನ್ನ ದಾಟಿ, ಅಪ್ಪನ ಹೆಸರಲ್ಲಿ ಒಳಗೆ ಬಂದೋನು ನಾನು. ಇಷ್ಟು ವರ್ಷದಲ್ಲಿ ಒಬ್ರೂ ನನ್ನ ರ‍್ಯಾಂಕ್ ಕೇಳಿಲ್ಲ. ಅವಳನ್ನ ಮಾತ್ರ ಕೇಳಿದ್ವಿ... ಮೊದಲು ಕೇಳಿದೋನು ನಾನೇ."

ಯಾರೋ ಕೂಗಿದರು, ಯಾರೋ ನಕ್ಕರು. ಅರ್ಜಿಯೇನೂ ನಿಲ್ಲಲಿಲ್ಲ, ಒಂದು ಸಹಿ ಕಡಿಮೆಯಾಗಿ ಮುಂದಕ್ಕೆ ಹೋಯಿತು.

ಹೊರಗೆ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಅವನು ಎರಡು ಮೆಟ್ಟಿಲು ಕೆಳಗೆ ಕೂತ.

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?"

"ಬೇಕಾಯ್ತು. ನಾಚಿಕೆ ಆಗುತ್ತೆ. ಇನ್ನೊಂದು ಹೇಳೋದಿದೆ... ನೀನಂದ್ರೆ ನಂಗಿಷ್ಟ."

ಅವಳು ಅವನ ಮುಖವನ್ನೇ ನೋಡಿ ಕೇಳಿದಳು.

"ಇದು ಪ್ರೀತಿನಾ? ಅಥವಾ ತಪ್ಪು ಮಾಡಿದೆ ಅನ್ನೋ ಸಂಕಟನಾ?"

"ಮೊದಲು ಸಂಕಟಾನೇ. ಆದ್ರೆ ನೀನು ರಜೆ ಹಾಕಿದ ದಿನ ವಾರ್ಡೆಲ್ಲ ಬಿಕೋ ಅನ್ನುತ್ತೆ. ಸಂಕಟಕ್ಕೆ ಹಾಗೆಲ್ಲ ಆಗುತ್ತಾ?"

"ಇಲ್ಲ" ಎಂದಳು ಅವಳು. "ನೀನಿಲ್ಲದಿದ್ರೆ... ನಂಗೂ ಹಾಗೇ ಆಗುತ್ತೆ."