ಡಿಕ್ಕಿಯೊಳಗಿನ ಸ್ವಿಚ್ಚು

ನಗುವವರು ನಗಲಿ, ಕಿವಿಯಾರೆ ಕೇಳಿದ್ದನ್ನು ಹೇಳುತ್ತೇನೆ. ಹೊನ್ನಾಳಿಯಲ್ಲಿ ನನ್ನದು ಗಾಡಿಗಳ ವೈರಿಂಗ್ ಅಂಗಡಿ. ಸವಳಂಗದ ಕಲ್ಲೇಶಣ್ಣ ತಾನು ಆಗಷ್ಟೇ ಕೊಂಡಿದ್ದ ಹಳೇ ಕಾರು ತಂದ.

“ಎಲ್ಲಿಂದಲೋ ಬಜರ್ ಹೊಡ್ಕೊಳ್ತೈತೆ, ಯಾತರದ್ದು ನೋಡ್ರಿ” ಎಂದ.

ರೂಢಿಯಂತೆ ಮೊದಲು ಬ್ಯಾಟರಿ ಬಿಚ್ಚಿ ಬೆಂಚಿನ ಮೇಲಿಟ್ಟೆ. ಸ್ಟೇರಿಂಗ್ ಕೆಳಗೆ ಬಜರ್ ಸಿಕ್ಕಿತು. ಅದರ ಹಸಿರು ವೈರು ಮ್ಯಾಟಿನಡಿ ಹಾದು, ಹಿಂದಿನ ಸೀಟು ದಾಟಿ ಡಿಕ್ಕಿಗೆ ಹೋಗಿತ್ತು. ಡಿಕ್ಕಿಯೊಳಗೆ ತೂರಿ ನೋಡಿದೆ. ಮನೆಬಾಗಿಲಿಗೆ ಹಾಕುವಂಥ ಬೆಲ್ ಸ್ವಿಚ್ಚು, ಮಲಗಿದವರ ಕೈಗೆ ಎಟುಕುವಷ್ಟು ತಗ್ಗಿನಲ್ಲಿತ್ತು.

ಅಷ್ಟರಲ್ಲಿ ಡಿಕ್ಕಿಯ ಬಾಗಿಲು ಧಡ್ಡೆಂದು ಮುಚ್ಚಿಕೊಂಡಿತು.

ಹೊರಗೆ ಮಟಮಟ ಮಧ್ಯಾಹ್ನ. ಒಳಗಿನ ತಗಡು ಬಾವಿನೀರಿನಷ್ಟು ತಣ್ಣಗಿತ್ತು. ಗಂಟಲು ಹರಿಯುವಂತೆ ಕೂಗಿದೆ, ಬಾಗಿಲಿಗೆ ಒದ್ದೆ. ಕೊನೆಗೆ, ಕರೆಂಟಿಲ್ಲವೆಂದು ಗೊತ್ತಿದ್ದೂ ಸ್ವಿಚ್ಚು ಒತ್ತಿದೆ. ಮುಂದುಗಡೆ ಬಜರ್ ಹೊಡೆಯಿತು.

ಕಲ್ಲೇಶಣ್ಣ ಬಂದು ಬಾಗಿಲು ತೆಗೆದ. “ಒಂದ್ ಮಾತು ಕೂಗಾಕೆ ಏನಾಗಿತ್ರೀ ನಿಮಗೆ? ಬಜರ್ ಕೇಳಿದ್ದಕ್ಕೆ ಬಂದೆ ನೋಡ್ರಿ.”

ನಾನು ಹೊರಗಿಳಿದು, ಬೆಂಚಿನ ಮೇಲಿದ್ದ ಬ್ಯಾಟರಿಯತ್ತ ಕೈ ತೋರಿಸಿದೆ. ಅವನ ಹಿಡಿತ ಸಡಿಲಿ ಬಾಗಿಲು ಮತ್ತೆ ಮುಚ್ಚಿಕೊಂಡಿತು.

ಬಜರ್ ಹೊಡೆಯತೊಡಗಿತು, ಒಳಗೆ ಯಾರೋ ಸ್ವಿಚ್ಚಿನಿಂದ ಬೆರಳು ತೆಗೆಯದೆ ಒತ್ತಿ ಹಿಡಿದಂತೆ.