ತನ್ನ ತಟ್ಟೆ ತಾನೇ ಎತ್ತಿದವನು

"ಆ ತಟ್ಟೆ ಕೆಳಗಿಡಿ ಸಾರ್!"

ಬನಶಂಕರಿಯ ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಕೂಗಿದವಳು ಮಧುಮತಿ, ಅಲ್ಲಿ ಟೇಬಲ್ ಒರೆಸುವ ಹುಡುಗಿ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದರೂ ಅವಳ ಧ್ವನಿ ಹೇಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ!

ಎಂಜಲು ತಟ್ಟೆ ಹಿಡಿದು, ಅದನ್ನು ಹಾಕುವ ಟಬ್ಬಿನ ಕಡೆ ಹೊರಟಿದ್ದ ಕೈಲಾಸ್ ನಿಂತಲ್ಲೇ ನಿಂತ.

"ಯಾಕ್ರೀ... ಏನಾಯ್ತು?"

"ಅದು ನನ್ ಕೆಲ್ಸ. ನೀವ್ಯಾಕೆ ದಿನಾ ಎತ್ತೋದು? ನನ್ ಕೆಲ್ಸ ಹೋಗುತ್ತೆ!"

ಅವನ ಮುಖ ಸಪ್ಪಗಾಯಿತು. ತಟ್ಟೆ ಅಲ್ಲೇ ಇಟ್ಟು ಹೊರಟುಹೋದ.

ಮಧುಮತಿ ಆ ತಟ್ಟೆ ಎತ್ತಿ ಟಬ್ಬಿಗೆ ಹಾಕಿದಳು. ಜಾಸ್ತಿ ಅಂದುಬಿಟ್ಟೆನಾ? ಇಲ್ಲ... ಅವನ ಮನಸ್ಸಿನಲ್ಲಿ ಏನೋ ಇದೆ!

ಇಲ್ಲಿನ ಜನ ಹೇಗೆಂದು ಅವಳು ನೋಡಿರಲಿಲ್ಲವೇ? ತಟ್ಟೆಯಲ್ಲೇ ಕೈ ತೊಳೆಯುವವರು. ಕಾಫಿ ಲೋಟದೊಳಗೆ ಟಿಶ್ಯೂ ತುರುಕುವವರು. ಅವಳಿನ್ನೂ ಒರೆಸುತ್ತಿರುವಾಗಲೇ ಸಾಂಬಾರಿನ ಬಟ್ಟಲು ಕುಕ್ಕಿ, "ಏಯ್, ಸರಿ ಆಚೆ" ಅನ್ನುವವರು. ಅಂಥ ಜಾಗದಲ್ಲಿ ಒಬ್ಬ ಗಂಡಸು ದಿನಾ ತನ್ನ ತಟ್ಟೆ ತಾನೇ ಎತ್ತಿ ತಂದು, "ತಗೊಳ್ರೀ, ಥ್ಯಾಂಕ್ಸ್" ಅಂದರೆ?

ಗೇಲಿಯೇ ಇರಬೇಕು. ಹಿಂದೆ ಯಾರಾದರೂ ಸ್ನೇಹಿತರು ನಗುತ್ತಿದ್ದಾರಾ, ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಾರಾ ಎಂದು ಎಷ್ಟೋ ಸಲ ಕಳ್ಳಗಣ್ಣಿನಿಂದ ನೋಡಿದ್ದಳು. ಯಾರೂ ಇರಲಿಲ್ಲ. ಅದಕ್ಕೇ ಅನುಮಾನ ಇನ್ನಷ್ಟು ಹೆಚ್ಚಾಗಿತ್ತು.

ಆ ಬೆಳಿಗ್ಗೆ ಸೂಪರ್‌ವೈಸರ್ ಅನಂತರಾಮು ಬೇರೆ ಬೈದಿದ್ದ. "ಗಿರಾಕಿಗಳೇ ತಟ್ಟೆ ಎತ್ತೋ ಹಂಗಿದ್ರೆ ನೀನ್ಯಾಕಮ್ಮಾ ಇಲ್ಲಿ? ಓನರ್ ನೋಡಿದ್ರೆ ಬಿಡಿಸಿಬಿಡ್ತಾರೆ, ಹುಷಾರು."

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅವಳು. ಈ ಕೆಲಸ ಹೋದರೆ ಇನ್ನೊಂದು ಎಲ್ಲಿಂದ ಬರಬೇಕು?

ಮರುದಿನ ಕೈಲಾಸ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಳ್ಳೆಯದೇ ಆಯಿತು ಅಂದುಕೊಂಡಳು... ಆದರೆ ಎಂಟೂವರೆಯಾದರೆ ಸಾಕು, ಕಣ್ಣು ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು!

ನಾಲ್ಕನೆಯ ದಿನ ಬಂದ. ಬಂದವನೇ ನೇರವಾಗಿ ಅನಂತರಾಮುವಿನ ಬಳಿ ಹೋದ.

ಕಂಪ್ಲೇಂಟ್! ಮಧುಮತಿ ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸುತ್ತಾ ಕಿವಿಗೊಟ್ಟಳು.

"ಸಾರ್, ತಟ್ಟೆ ಎತ್ತಿದ್ದು ನನ್ ತಪ್ಪು. ಆ ಮೇಡಂ ಕೆಲ್ಸದಲ್ಲಿ ಏನೂ ಕಮ್ಮಿ ಇಲ್ಲ. ಓನರ್ ಕೇಳಿದ್ರೆ ನಾನೇ ಬಂದು ಹೇಳ್ತೀನಿ."

ಅನಂತರಾಮು ಸುತ್ತಲೂ ನೋಡಿದ. "ಯಾವ ಮೇಡಂ ಸಾರ್? ಓ... ನಮ್ ಮಧುಮತೀನಾ! ಇಷ್ಟಕ್ಕೆ ಬಂದ್ರಾ? ಯಾರೂ ಬಿಡಿಸಲ್ಲ ಅವಳ್ನ. ಹೋಗಿ, ಇಡ್ಲಿ ತಿನ್ನಿ."

ಮಧುಮತಿ ಒರೆಸುವುದನ್ನು ನಿಲ್ಲಿಸಿದಳು. ಹಿಂದೆ ತನ್ನ ಪರವಾಗಿ ಒಬ್ಬರು ಮಾತಾಡಿದ್ದು... ಯಾವಾಗ?

ತಿಂದು ಮುಗಿಸಿದ ಕೈಲಾಸ್ ತಟ್ಟೆ ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ನಗು ಬಂತು ಅವಳಿಗೆ.

"ಮೂರು ದಿನ ಯಾಕ್ ಬರ್ಲಿಲ್ಲ?"

"ಭಯ ಆಯ್ತು ರೀ. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ನೋಡೋನು ನಾನು. ಗೇಟ್ ತಟ್ಟಿದ್ರೆ ನಾಯಿ ಬಿಟ್ಟು ನೋಡ್ತಾ ನಿಲ್ತಾರೆ. ಅದೆಲ್ಲಾ ಅಭ್ಯಾಸ ಆಗಿದೆ. ನಿಮ್ ಸಿಟ್ಟು ಮಾತ್ರ ತಡ್ಕೊಳ್ಳೋಕೆ ಆಗ್ಲಿಲ್ಲ."

ಅವಳು ಅವನ ಮುಖವನ್ನೇ ಪರೀಕ್ಷಿಸುತ್ತಾ ಕೇಳಿದಳು. "ತಟ್ಟೆ ಎತ್ತಿದ್ದು ಬರೀ ಮರ್ಯಾದೆಗಾ?"

"ಮೊದಲ್ನೇ ದಿನ ಮರ್ಯಾದೆಗೇ."

"ಆಮೇಲೆ?"

"ಆಮೇಲೆ... ಟಬ್ ಹತ್ರ ನೀವು ನಿಂತಿರ್ತೀರಲ್ಲಾ, ಅದಕ್ಕೆ."

"ನೋಡಿದ್ರಾ! ಏನೋ ಇದೆ ಅಂತ ನಂಗ್ ಡೌಟಿತ್ತು!"

"ಇದೆ ರೀ. ನೀವಂದ್ರೆ ನಂಗಿಷ್ಟ." ಅವನ ಕಿವಿ ಕೆಂಪಾಗಿತ್ತು. "ನಂಬಿಕೆ ಬರ್ಲಿಲ್ಲ ಅಂದ್ರೆ ಪರವಾಗಿಲ್ಲ. ಎಷ್ಟು ದಿನ ಬೇಕಾದ್ರೂ ನೋಡಿ."

ಮಧುಮತಿ ತಟ್ಟೆ ಎತ್ತಿಕೊಂಡಳು. ಎರಡು ಹೆಜ್ಜೆ ಹೋಗಿ ನಿಂತಳು.

"ನಾಳೆ ಎಷ್ಟೊತ್ತಿಗೆ ಬರ್ತೀರಾ?"

"ಎಂಟೂವರೆಗೆ."

"ಎಂಟಕ್ಕೇ ಬನ್ನಿ..." ತಿರುಗದೆಯೇ ಅಂದಳು. "ಆಗ ಜನ ಕಮ್ಮಿ ಇರ್ತಾರೆ."